ಸೋರಿಯಾಸಿಸ್: ಇದು ಅಂಟೂ ರೋಗ ಅಲ್ಲ, ತಂಗೀ



ಈ ಸಲ ನನ್ನ ಮುಂದೆ ನಾಲ್ಕು ಪತ್ರಗಳಿವೆ. ಹಾನಗಲ್ಲಿನಿಂದ ಒಂದು, ಸವಣೂರಿನಿಂದ ಒಂದು, ಹಿರೇಕೆರೂರಿನಿಂದ ಒಂದು, ಶಿಗ್ಗಾಂವಿಯಿಂದ ಒಂದು. ಬರೆದವರಿಗೆ ಒಬ್ಬರ ಗುರುತು ಒಬ್ಬರಿಗಿಲ್ಲ. ಆದರೆ ನಾಲ್ವರ ಮನೆಯಲ್ಲೂ ಹೊಕ್ಕಿರುವ ಬೇನೆ ಒಂದೇ, ಸೋರಿಯಾಸಿಸ್. ಹೆಸರು ಹಾಕಬೇಡಿರಿ ಎಂದು ನಾಲ್ವರೂ ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ಆದರೆ ಹೆಸರು ಮುಚ್ಚಿಡಬೇಕಾದಂಥ ತಪ್ಪನ್ನು ಇವರು ಯಾರೂ ಮಾಡಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಚರ್ಮದ ಡಾಕ್ಟರರನ್ನು ಕೇಳಿ, ಪುಸ್ತಕ ತಿರುವಿ ತಿಳಿದುಕೊಂಡದ್ದನ್ನು ನಮ್ಮ ಅಡಿಗೆಮನೆಯ ಮಾತಿನಲ್ಲಿ ಬರೆಯುತ್ತಿದ್ದೇನೆ. ಸಾವಕಾಶ ಓದಿರಿ. ಆಮೇಲೆ ಮನೆಯಲ್ಲಿರುವ ಹಿರಿಯರಿಗೂ ಓದಿ ಹೇಳಿರಿ.

ಹಾನಗಲ್ಲಿನ ತಂಗಿಗೆ

"ಅಕ್ಕಾ, ಮದುವಿಯಾಗಿ ಮೂರು ವರ್ಷ ಆತು. ಹೆರಿಗಿ ಆದಮ್ಯಾಲೆ ಮೊಣಕೈ, ಮೊಣಕಾಲು, ತಲಿಯೊಳಗ ಬಿಳೀ ಹೊಟ್ಟಿನಂಥಾ ಪದರ ಏಳಾಕ ಹತ್ತೇತಿ. ಅತ್ತಿಯವರು ನನ್ನ ಕಡಿಂದ ಹಿಟ್ಟು ನಾದಸೂದು ಬಿಡಿಸ್ಯಾರ. ನನ್ನ ತಾಟು, ಚರಿಗಿ ಬ್ಯಾರೆ ಇಟ್ಟಾರ. ಕೂಸಿಗೆ ಹಾಲು ಕುಡಸಬ್ಯಾಡ ಅಂತಾರ. ಇದು ಕುಷ್ಠ ಏನು?"

ಅಲ್ಲ ತಂಗೀ, ಖಂಡಿತ ಅಲ್ಲ. ಸೋರಿಯಾಸಿಸ್ ಯಾವ ಕ್ರಿಮಿಯಿಂದ ಬರುವ ರೋಗವೂ ಅಲ್ಲ. ಕ್ರಿಮಿಯೇ ಇಲ್ಲದ ಮೇಲೆ ಒಬ್ಬರಿಂದ ಒಬ್ಬರಿಗೆ ದಾಟುವುದಾದರೂ ಏನು? ಮುಟ್ಟಿದರೆ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ನೀವು ಬಡಿದ ರೊಟ್ಟಿ ತಿಂದವರಿಗೆ ಹೊಟ್ಟೆ ತುಂಬುತ್ತದೆ, ಬೇರೆ ಏನೂ ಆಗುವುದಿಲ್ಲ. ಎದೆಹಾಲಿನಿಂದಲೂ ಕೂಸಿಗೆ ಬರುವುದಿಲ್ಲ, ಧಾರಾಳ ಕುಡಿಸಿರಿ. ಮುಲಾಮು ಹಚ್ಚುತ್ತಿದ್ದರೆ ಅದು ಕೂಸಿನ ಬಾಯಿಗೆ ಹೋಗದ ಹಾಗೆ ನೋಡಿಕೊಂಡರೆ ಸಾಕು. ನುಂಗುವ ಗುಳಿಗೆ ಕೊಡುತ್ತಾರೆಂದರೆ ಮಾತ್ರ "ನಾನು ಹಾಲು ಕುಡಿಸೂ ತಾಯಿ ಅದೀನ್ರಿ" ಅಂತ ಡಾಕ್ಟರಿಗೆ ಮೊದಲೇ ಹೇಳಿರಿ.

ಅತ್ತೆಯವರ ಅಂಜಿಕೆ ಇವತ್ತಿನದಲ್ಲ, ಬಹಳ ಹಳೆಯದು. ಶತಮಾನಗಟ್ಟಲೆ ಎಲ್ಲಾ ಕಡೆ ಸೋರಿಯಾಸಿಸ್ಸನ್ನೂ ಕುಷ್ಠವನ್ನೂ ಒಂದೇ ಎಂದು ತಿಳಿದಿದ್ದರು. 1841ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದ ಹೆಬ್ರಾ ಎಂಬ ವೈದ್ಯರು ಇವೆರಡೂ ಬೇರೆ ಬೇರೆ ಎಂದು ತೋರಿಸಿಕೊಟ್ಟರು. ಅಲ್ಲಿಯತನಕ ಸೋರಿಯಾಸಿಸ್ ಆದವರನ್ನೂ ಕುಷ್ಠರೋಗಿಗಳೆಂದು ದೂರ ಇಟ್ಟದ್ದುಂಟು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ, ಸೂಜಿ ತಾಗಿಸಿದರೂ ಅರಿವಿರುವುದಿಲ್ಲ. ಸೋರಿಯಾಸಿಸ್ ಕಲೆಯಲ್ಲಿ ಸ್ಪರ್ಶವೂ ಗೊತ್ತಾಗುತ್ತದೆ, ತುರಿಕೆಯೂ ಇರುತ್ತದೆ. ಇನ್ನು ಕುಷ್ಠವೇ ಆದರೂ ಅಂಜುವ ಕಾಲ ಹೋಯಿತು. ಸರಕಾರಿ ಆಸ್ಪತ್ರೆಯಲ್ಲಿ ಧರ್ಮಾರ್ಥ ಸಿಗುವ ಗುಳಿಗೆಯಿಂದ ಅದು ವಾಸಿಯಾಗುತ್ತದೆ. ವಿವಾಹ ವಿಚ್ಛೇದನಕ್ಕೆ ಕುಷ್ಠ ಒಂದು ಕಾರಣ ಎಂದು ಕಾಯ್ದೆಯಲ್ಲಿದ್ದ ಮಾತನ್ನು 2019ರಲ್ಲಿ ತೆಗೆದೇ ಹಾಕಿದ್ದಾರೆ. ಅಂದಮೇಲೆ ಅಂಟದೇ ಇರುವ ಸೋರಿಯಾಸಿಸ್‌ಗೆ ತಾಟು ಬೇರೆ ಇಡುವುದು ಯಾವ ನ್ಯಾಯ?

ಬಸಿರಿದ್ದಾಗ ಕಡಿಮೆಯಿದ್ದು, ಹೆರಿಗೆಯಾದ ಮೇಲೆ ಈ ಬೇನೆ ಜೋರಾಗುವುದು ಬಹಳ ಮಂದಿ ಹೆಣ್ಣುಮಕ್ಕಳ ಅನುಭವ. ನಿಮಗೂ ಬಾಣಂತನದಲ್ಲೇ ತಲೆ ಎತ್ತಿದೆ. ಬಾಣಂತನದ ಪಥ್ಯ ತಪ್ಪಿದ್ದಕ್ಕೆ ಬಂತು ಎಂದು ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಚರ್ಮದೊಳಗೆ ಆಗೂದೇನು?

ನಮ್ಮ ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಲೇ ಇರುತ್ತದೆ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ. ಅವು ಮೇಲಕ್ಕೆ ಏರುತ್ತಾ ಬಲಿತು, ಚಪ್ಪಟೆಯಾಗಿ, ಒಣಗಿ, ಕಡೆಗೆ ನಮ್ಮ ಕಣ್ಣಿಗೂ ಬೀಳದ ಹಾಗೆ ಉದುರಿಹೋಗುತ್ತವೆ. ಹುಟ್ಟಿ ಉದುರುವ ತನಕ ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ ಆದ ಜಾಗದಲ್ಲಿ ಅದೇ ಕೆಲಸ ನಾಲ್ಕೈದು ದಿನಕ್ಕೆ ಮುಗಿದುಬಿಡುತ್ತದೆ.

ಒಂದೇ ಹಂಚಿನ ಮುಂದೆ ಹತ್ತು ಮಂದಿ ಕೂತು ಒಬ್ಬರ ಮೇಲೊಬ್ಬರು ರೊಟ್ಟಿ ಬಡಿದು ಕೊಡುತ್ತಿದ್ದಾರೆ ಅಂತ ತಿಳಿಯಿರಿ. ಬೇಯಿಸುವಾಕಿ ಏನು ಮಾಡಿಯಾಳು? ಅರೆಬೆಂದವನ್ನೇ ಎತ್ತಿ ಬುಟ್ಟಿಗೆ ಹಾಕುತ್ತಾಳೆ. ಅವು ಒಂದಕ್ಕೊಂದು ಹತ್ತಿಕೊಂಡು ದಪ್ಪನೆಯ ಅಟ್ಟಿಯಾಗುತ್ತವೆ. ಚರ್ಮದ ಮೇಲೂ ಹೀಗೆಯೇ. ಬಲಿಯದ ಕೋಶಗಳು ಪದರ ಪದರವಾಗಿ ಕೂಡುತ್ತವೆ. ಪದರದ ನಡುವೆ ಗಾಳಿ ಸೇರಿ ಬೆಳ್ಳಿಯ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಕೆಳಗೆ ರಕ್ತನಾಳಗಳು ಉಬ್ಬಿಕೊಂಡು ಜಾಗ ಕೆಂಪಾಗುತ್ತದೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅದು ನೇರಳೆ ಅಥವಾ ಕಂದು ಬಣ್ಣವಾಗಿ ಕಾಣುವುದೂ ಉಂಟು. ಆ ಪದರ ಕಿತ್ತರೆ ಸೂಜಿ ಮೊನೆಯಷ್ಟು ರಕ್ತದ ಚುಕ್ಕೆಗಳು ಏಳುತ್ತವೆ.

ಇಷ್ಟು ಅವಸರ ಮಾಡುವವರು ಯಾರು? ನಮ್ಮದೇ ಮೈಕಾವಲಿನ ಬಿಳಿ ರಕ್ತಕಣಗಳು. ಅವುಗಳಲ್ಲಿ ಟಿ-ಕೋಶ ಎಂಬ ಒಂದು ಜಾತಿ ಇದೆ. ರೋಗದ ಕ್ರಿಮಿ ಒಳಹೊಕ್ಕರೆ ಹಿಡಿದು ಸದೆಬಡಿಯುವುದು ಅದರ ಕೆಲಸ. ಸೋರಿಯಾಸಿಸ್‌ನಲ್ಲಿ ವೈರಿ ಇಲ್ಲದಿದ್ದರೂ ಅವು ಚರ್ಮಕ್ಕೆ ಧಾವಿಸಿ ಬರುತ್ತವೆ. ರಾತ್ರಿ ಹೊತ್ತು ಊರಾಗ ಯಾರೋ ಒಬ್ಬ "ಕಳ್ಳ ಬಂದ" ಅಂತ ಕೂಗಿದರೆ ಓಣಿ ಓಣಿಯೆಲ್ಲಾ ಬಡಿಗೆ ಹಿಡಿದು ಹೊರಗೆ ಬರುವುದಿಲ್ಲವೇ? ಒಬ್ಬರ ಕೂಗೇ ಇನ್ನೊಬ್ಬರಿಗೆ ಸಾಕ್ಷಿ. ಕಳ್ಳನನ್ನು ಕಂಡವರು ಮಾತ್ರ ಒಬ್ಬರೂ ಇಲ್ಲ.

ಈ ಕೂಗಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ಚರ್ಮದ ಕಾವಲು ಕೋಶಗಳು ಮೊದಲು ಇಂಟರ್‌ಲ್ಯೂಕಿನ್-23 ಎಂಬ ರಸವನ್ನು ಬಿಡುತ್ತವೆ. ಅದನ್ನು ಕೇಳಿ ಟಿ-ಕೋಶಗಳು ಎದ್ದು ಇಂಟರ್‌ಲ್ಯೂಕಿನ್-17 ಎಂಬುದನ್ನು ಬಿಡುತ್ತವೆ. ಟಿಎನ್‌ಎಫ್ ಎಂಬ ಇನ್ನೊಂದು ರಸ ಬೆಂಕಿಗೆ ಗಾಳಿ ಹಾಕುತ್ತದೆ. ಇವು ತಾಗಿದ ಕೂಡಲೇ ಚರ್ಮದ ಕೋಶಗಳು ಗಡಿಬಿಡಿಯಿಂದ ಹೆಚ್ಚಾಗತೊಡಗುತ್ತವೆ. ಹೆಚ್ಚಾದ ಕೋಶಗಳೂ ಸುಮ್ಮನಿರುವುದಿಲ್ಲ, ತಾವೂ ಕೂಗಿ ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಗಾಣದ ಎತ್ತಿನ ಹಾಗೆ ಸುತ್ತು ಮುಗಿಯುವುದೇ ಇಲ್ಲ.

ಮೊದಲು ಇದು ಬರೀ ಚರ್ಮದ ದೋಷ ಎಂದೇ ತಿಳಿದಿದ್ದರು. 1979ರಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧದಿಂದ ಸೋರಿಯಾಸಿಸ್ ಕಲೆ ಇಳಿದದ್ದು ಕಂಡುಬಂತು. ಆ ಔಷಧ ಟಿ-ಕೋಶಗಳನ್ನು ಅಡಗಿಸುವಂಥದ್ದು. ಅಂದಮೇಲೆ ಮೂಲ ಟಿ-ಕೋಶಗಳ ಕಡೆ ಇದೆ ಎಂಬ ಎಳೆ ಸಿಕ್ಕಿತು. ಆದ್ದರಿಂದ ತಂಗೀ, ಇದು ಹೊಲಸಿನಿಂದ ಬಂದದ್ದಲ್ಲ, ಸ್ನಾನ ಬಿಟ್ಟದ್ದಕ್ಕೆ ಬಂದದ್ದಲ್ಲ, ರಕ್ತ ಕೆಟ್ಟು ಬಂದದ್ದಲ್ಲ.

ಸವಣೂರಿನ ಅಕ್ಕನಿಗೆ

ಇವರಿಗೆ ಇಪ್ಪತ್ತು ವರ್ಷದಿಂದ ಸೋರಿಯಾಸಿಸ್ ಇದೆ. ಮಗಳಿಗೆ ಇಲ್ಲ. ಕನ್ಯೆ ನೋಡಲು ಬಂದವರು ಎಲೆ ಅಡಿಕೆ ತೆಗೆದುಕೊಳ್ಳುವಾಗ ಇವರ ಕೈ ನೋಡಿದರು. ನಾಲ್ಕು ದಿನ ಬಿಟ್ಟು, "ತಾಯಿಗೆ ಇದ್ದದ್ದು ಮಗಳಿಗೆ ಬರತೈತಿ, ಮಗಳಿಂದ ನಮ್ಮ ಮೊಮ್ಮಕ್ಕಳಿಗೆ ಬರತೈತಿ" ಎಂದು ಹೇಳಿ ಕಳಿಸಿದರಂತೆ. "ನನ್ನ ಮೈಯೇ ಮಗಳಿಗೆ ಮುಳ್ಳಾತಲ್ಲರಿ" ಎಂದು ಬರೆದಿದ್ದಾರೆ. ಓದಿ ಕರುಳು ಚುರ್ ಎಂದಿತು.

ಅಕ್ಕಾ, ವಂಶದ ಪಾಲು ಇದರಲ್ಲಿ ಇದೆ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಆದರೆ ಆ ಪಾಲು ಎಷ್ಟು ಎಂಬುದನ್ನೂ ಕೇಳಿರಿ. ನಮ್ಮ ಒಂದೊಂದು ಜೀವಕೋಶದಲ್ಲಿ 23 ಜೋಡಿ ವರ್ಣತಂತುಗಳಿವೆ. ಅವುಗಳ ಮೇಲೆ ವಂಶದ ಗುಣ ಹೊತ್ತ ಜೀನ್‌ಗಳು ಸಾಲಾಗಿ ಕೂತಿವೆ. ಸೋರಿಯಾಸಿಸ್‌ಗೆ ನಂಟಿರುವ ತಾಣಗಳನ್ನು ಅವುಗಳಲ್ಲಿ 60ಕ್ಕೂ ಹೆಚ್ಚು ಗುರುತಿಸಿದ್ದಾರೆ. ಒಂದೊಂದರ ಪಾಲೂ ಸಣ್ಣದು. ದೊಡ್ಡ ಪಾಲಿನದು ಆರನೆಯ ವರ್ಣತಂತುವಿನ ಮೇಲಿದೆ, ಅದರ ಹೆಸರು ಎಚ್‌ಎಲ್‌ಎ-ಸಿ. ಕೋಶದ ಒಳಗಿನ ಪದಾರ್ಥದ ಚೂರುಗಳನ್ನು ಹೊರಗೆ ತಂದು ಟಿ-ಕೋಶಗಳಿಗೆ ತೋರಿಸುವ ತಾಟಿನ ಹಾಗೆ ಅದರ ಕೆಲಸ. ಇವು ನಮ್ಮವರು, ಅವು ಹೊರಗಿನವರು ಎಂದು ಟಿ-ಕೋಶ ತಿಳಿಯುವುದು ಈ ತಾಟು ನೋಡಿ. ಕೆಲವರಲ್ಲಿ ಈ ತಾಟಿನ ಆಕಾರ ಸ್ವಲ್ಪ ಬೇರೆ ಇರುತ್ತದೆ. ಅಂಥ ತಾಟಿನಲ್ಲಿಟ್ಟ ಮನೆಯವರನ್ನೇ ಟಿ-ಕೋಶ ಹೊರಗಿನವರೆಂದು ತಿಳಿಯುವ ಸಂಭವ ಹೆಚ್ಚು.

ಸಂಭವ ಹೆಚ್ಚು ಅಂದೆ, ಬಂದೇ ಬರುತ್ತದೆ ಅನ್ನಲಿಲ್ಲ. ಅಂಥ ಜೀನ್ ಇದ್ದವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಸೋರಿಯಾಸಿಸ್ ಬರುವುದೇ ಇಲ್ಲ. ಒಂದೇ ಅಚ್ಚಿನ ಅವಳಿ ಮಕ್ಕಳಲ್ಲಿ ಜೀನ್‌ಗಳೆಲ್ಲಾ ಒಂದೇ ಇರುತ್ತವೆ. ಆದರೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೇ ಇರುವುದುಂಟು. ಬೀಜ ಇದ್ದರಷ್ಟೇ ಸಾಲದು, ಹದ ಮಳೆ ಬೇಕು ಅನ್ನುತ್ತೇವಲ್ಲ, ಹಾಗೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಸುಮಾರು 14 ಎಂದು ಲೆಕ್ಕ ಹಾಕಿದ್ದಾರೆ. ಇಬ್ಬರಿಗೂ ಇದ್ದರೆ ಸುಮಾರು 40. ನಿಮ್ಮ ಮನೆಯಲ್ಲಿ ಇರುವುದು ನಿಮಗೊಬ್ಬರಿಗೆ. ಅಂದರೆ ನೂರರಲ್ಲಿ 86 ಪಾಲು ಮಗಳಿಗೆ ಬಾರದಿರುವ ಕಡೆಗೇ ಇದೆ. ಇದು ಹೆಣ್ಣಿನ ಕಡೆಯಿಂದಲೇ ಇಳಿಯುವ ರೋಗವೂ ಅಲ್ಲ. ತಂದೆಯಿಂದಲೂ ಬರುತ್ತದೆ, ಯಾರಿಗೂ ಇಲ್ಲದ ಮನೆಯಲ್ಲೂ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಬಂದವರ ವಂಶದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರಲೇ ಇಲ್ಲವೇ? ಅವೂ ವಂಶದಲ್ಲಿ ಇಳಿಯುತ್ತವೆ. ಅದಕ್ಕಾಗಿ ಯಾರೂ ಕನ್ಯೆ ಬಿಟ್ಟು ಹೋದದ್ದು ನಾನು ಕೇಳಿಲ್ಲ.

ಇನ್ನೊಂದು ಮಾತು. ಮುಂದಿನ ಸಲ ಬಂದವರಿಗೆ ಕೈ ಮುಚ್ಚಿ ಕೂಡಬೇಡಿ. "ನನಗ ಸೋರಿಯಾಸಿಸ್ ಐತ್ರಿ, ಅಂಟೂದಿಲ್ಲ, ಮಗಳಿಗೆ ಇಲ್ಲ" ಎಂದು ನೀವೇ ಮೊದಲು ಹೇಳಿರಿ. ಮುಚ್ಚಿಟ್ಟು ಕೂಡಿಸಿದ ಸಂಬಂಧದಲ್ಲಿ ಹುಡುಗಿ ದಿನಾ ಅಂಜಿಕೊಂಡು ಬಾಳಬೇಕಾಗುತ್ತದೆ. ಹೇಳಿದ ಮೇಲೂ ಒಪ್ಪಿ ಬಂದ ಮನೆಯಲ್ಲಿ ಆಕೆ ತಲೆ ಎತ್ತಿ ಬಾಳುತ್ತಾಳೆ.

ಹಿರೇಕೆರೂರಿನ ತಂಗಿಗೆ

ಇವರ ಯಜಮಾನರಿಗೆ ಬೇನೆ. ಗೋವಿನಜೋಳದ ಹೊಲದಲ್ಲಿ ದುಡಿಯುವವರು. "ಔಷಧದ ಅಂಗಡಿಯಾಗ ಕೊಟ್ಟ ಮುಲಾಮು ಹಚ್ಚಿದರ ಎಂಟು ದಿನಕ್ಕ ಹೋಗತೈತಿ, ಬಿಟ್ಟರ ಅದ ಜಾಗಾದಾಗ ಇಮ್ಮಡಿ ಆಗಿ ಬರತೈತಿ. ಯಾಕ?" ಎಂದು ಕೇಳಿದ್ದಾರೆ.

ಕಲೆ ಇಳಿದು ಚರ್ಮ ನುಣುಪಾದರೂ ಕೆಲವು ಟಿ-ಕೋಶಗಳು ಊರಿಗೆ ಹೋಗದೆ ಅಲ್ಲಿಯೇ ಬೀಡುಬಿಟ್ಟಿರುತ್ತವೆ. ಅವಕ್ಕೆ ಹಳೆಯ ಜಗಳದ ನೆನಪಿರುತ್ತದೆ. ಸಣ್ಣ ನೆಪ ಸಿಕ್ಕರೂ ಎದ್ದು ಕೂಗತೊಡಗುತ್ತವೆ. ಅದಕ್ಕೇ ಅದೇ ಮೊಣಕೈ, ಅದೇ ಮೊಣಕಾಲು. ಇದನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಹತೋಟಿಯಲ್ಲಿಡುವ ಔಷಧ ಬಹಳ ಇವೆ. "ಬೇರುಸಹಿತ ವಾಸಿ ಮಾಡ್ತೀವಿ" ಎಂದು ಗೋಡೆಯ ಮೇಲೆ ಬರೆಸಿದವರ ಕಡೆ ದುಡ್ಡು ಸುರಿಯಬೇಡಿ.

ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಮುಲಾಮುಗಳಲ್ಲಿ ಬಹಳಷ್ಟರಲ್ಲಿ ಸ್ಟೆರಾಯ್ಡ್ ಇರುತ್ತದೆ. ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧವೇ. ಮನಸ್ಸಿಗೆ ಬಂದಂತೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಗೀರು ಬೀಳುತ್ತದೆ. ಗುಳಿಗೆ, ಇಂಜೆಕ್ಷನ್ ರೂಪದ ಸ್ಟೆರಾಯ್ಡ್ ಇನ್ನೂ ಅಪಾಯ. ಅದನ್ನು ತಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಮೈತುಂಬ ಕೆರಳಿ ಕೀವುಗುಳ್ಳೆ ಏಳಬಹುದು. ಹೆಸರಿಲ್ಲದ ಪುಡಿ, ಪೊಟ್ಟಣದ ಔಷಧಗಳಲ್ಲೂ ಇದನ್ನು ಬೆರೆಸಿರುವುದುಂಟು.

ಇನ್ನು ನೆಪಗಳು ಯಾವುವು? ಗಾಯ ಒಂದು. ಕೋಬ್ನರ್ ಎಂಬ ಜರ್ಮನ್ ವೈದ್ಯರು 19ನೆಯ ಶತಮಾನದಲ್ಲೇ ಇದನ್ನು ಗುರುತಿಸಿದರು. ಚರ್ಮಕ್ಕೆ ಗೀರು ಬಿದ್ದಲ್ಲಿ, ಉಜ್ಜಿದಲ್ಲಿ ಹೊಸ ಕಲೆ ಏಳುತ್ತದೆ. ಗೋವಿನಜೋಳದ ಎಲೆ ಮೈಗೆ ಗೀರುತ್ತದೆ, ಕಳೆ ತೆಗೆಯುವಾಗ ಮೊಣಕಾಲು ಊರಬೇಕಾಗುತ್ತದೆ. ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿಸಿರಿ. ಗಂಟಲುನೋವು ಇನ್ನೊಂದು ನೆಪ. ಒಂದು ಬಗೆಯ ಗಂಟಲುಬೇನೆ ಬಂದು ಹೋದ ಎರಡು ಮೂರು ವಾರಕ್ಕೆ ಮಕ್ಕಳಲ್ಲಿ, ಹರೆಯದವರಲ್ಲಿ ಮೈತುಂಬ ಹನಿ ಹನಿ ಕಲೆ ಏಳುತ್ತದೆ. ಚಳಿಗಾಲ, ಮನಸ್ಸಿನ ಚಿಂತೆ, ಬೀಡಿ ಸಿಗರೇಟು, ಸೆರೆ, ಮೈಭಾರ, ಇವೂ ಕೆರಳಿಸುತ್ತವೆ. ಕೆಲವು ರಕ್ತದೊತ್ತಡದ ಗುಳಿಗೆ, ಮಲೇರಿಯಾ ಗುಳಿಗೆ, ಮನೋರೋಗಕ್ಕೆ ಕೊಡುವ ಲಿಥಿಯಂ, ಇವುಗಳಿಂದಲೂ ಕೆರಳಬಹುದು. ಹಾಗೆಂದು ಅವನ್ನು ನೀವಾಗಿ ಬಿಡಬೇಡಿ, ಡಾಕ್ಟರಿಗೆ ಹೇಳಿರಿ.

ಬೆಳಿಗ್ಗೆ ಏಳುವಾಗ ಬೆರಳಿನ ಗಂಟು ಬಿಗಿದಿರುತ್ತದೆಯೇ? ಹಿಮ್ಮಡಿ ನೋಯುತ್ತದೆಯೇ? ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿಗಳಿವೆಯೇ? ಇದ್ದರೆ ತಡಮಾಡದೆ ತೋರಿಸಿರಿ. ಸೋರಿಯಾಸಿಸ್ ಕೆಲವರಲ್ಲಿ ಕೀಲಿಗೂ ಇಳಿಯುತ್ತದೆ. ವೇಳೆಗೆ ಮದ್ದು ಮಾಡದಿದ್ದರೆ ಕೀಲು ಸೊಟ್ಟಗಾಗಿ ದುಡಿಯುವ ಕೈಯೇ ಹೋಗುತ್ತದೆ.

ಶಿಗ್ಗಾಂವಿಯ ತಂಗಿಗೆ

ಇವರದು ಎಲ್ಲಕ್ಕಿಂತ ಅವಸರದ ಪತ್ರ. ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ನುಂಗುತ್ತಿದ್ದಾರೆ, ಕಲೆ ಇಳಿದಿವೆ. ಈಗ ಮಗು ಬೇಕೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಗುಳಿಗೆ ವಿಷಯ ಅತ್ತೆಮನೆಯಲ್ಲಿ ಗೊತ್ತಿಲ್ಲ.

ತಂಗೀ, ಇವತ್ತೇ ಡಾಕ್ಟರ ಹತ್ತಿರ ಹೋಗಿರಿ. ಈ ಗುಳಿಗೆ ನುಂಗುವಾಗ ಬಸಿರು ನಿಲ್ಲಬಾರದು. ಗರ್ಭಪಾತವಾಗಬಹುದು, ಮಗುವಿಗೆ ಅಂಗದೋಷ ಬರಬಹುದು. ಡಾಕ್ಟರು ಗುಳಿಗೆ ನಿಲ್ಲಿಸಿ, ಅವರು ಹೇಳಿದಷ್ಟು ತಿಂಗಳು ಕಳೆದ ಮೇಲೆಯೇ ಮಗುವಿನ ವಿಚಾರ. ಅಲ್ಲಿಯತನಕ ಬಸಿರಾಗದ ಉಪಾಯ ಬೇಕು. ಅಸಿಟ್ರೆಟಿನ್ ಎಂಬ ಇನ್ನೊಂದು ಗುಳಿಗೆ ಇದೆ. ಅದನ್ನು ಬಿಟ್ಟ ಮೇಲೂ ಮೂರು ವರ್ಷ ಬಸಿರಾಗಬಾರದು, ಆದ್ದರಿಂದ ಮಕ್ಕಳಾಗಬೇಕಾದ ಹೆಣ್ಣುಮಕ್ಕಳಿಗೆ ಅದನ್ನು ಕೊಡದಿರುವುದೇ ರೂಢಿ. ಬಸಿರಿನಲ್ಲೂ ನಡೆಯುವ ಬೇರೆ ಮದ್ದುಗಳಿವೆ, ಕೇಳಿ ತಿಳಿದುಕೊಳ್ಳಿರಿ. ಯಜಮಾನರಿಗಂತೂ ಈ ವಿಷಯ ಹೇಳಲೇಬೇಕು.

ಮೆಥೊಟ್ರೆಕ್ಸೇಟ್ ನುಂಗುವ ಎಲ್ಲರಿಗೂ ಒಂದು ಮಾತು. ಸೋರಿಯಾಸಿಸ್‌ಗೆ ಇದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿ ಪ್ರಾಣಕ್ಕೆ ಅಪಾಯ ತಂದುಕೊಂಡವರಿದ್ದಾರೆ. ಒಂದು ವಾರ ಗೊತ್ತುಮಾಡಿಕೊಂಡು ಕ್ಯಾಲೆಂಡರಿನ ಮೇಲೆ ಗುರುತು ಹಾಕಿರಿ. ರಕ್ತ ಪರೀಕ್ಷೆ ತಪ್ಪಿಸಬೇಡಿ. ಸೆರೆ ಕುಡಿಯುವವರಿಗೆ ಇದು ಯಕೃತ್ತನ್ನೇ ಕೆಡಿಸುತ್ತದೆ.

ಈ ಔಷಧದ ಹಿಂದೆ ನಮ್ಮ ಪಕ್ಕದ ರಾಜ್ಯದವರೊಬ್ಬರ ದುಡಿಮೆ ಇದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕೆಯ ಲೆಡರ್ಲಿ ಕಂಪನಿಯಲ್ಲಿ ವಿಜ್ಞಾನಿಯಾಗಿದ್ದರು. ಅವರ ತಂಡ ಮಾಡಿದ ಅಮಿನೊಪ್ಟೆರಿನ್ ಎಂಬ ಔಷಧವನ್ನು ಮೊದಲು ರಕ್ತದ ಕ್ಯಾನ್ಸರಿಗೆ ಕೊಟ್ಟರು. 1951ರಲ್ಲಿ ಅದನ್ನು ಕೀಲುನೋವಿನವರಿಗೆ ಕೊಟ್ಟು ನೋಡುವಾಗ ಸೋರಿಯಾಸಿಸ್ ಕಲೆಯೂ ಇಳಿದದ್ದು ಕಂಡಿತು. ಅದರ ತಮ್ಮನಂಥದ್ದು ಮೆಥೊಟ್ರೆಕ್ಸೇಟ್. ಸುಬ್ಬರಾವ್ ಅವರು 1948ರಲ್ಲೇ ತೀರಿಕೊಂಡಿದ್ದರು, ಇದನ್ನು ನೋಡಲಿಲ್ಲ.

ನಮ್ಮ ಕರ್ನಾಟಕದ ಹೆಸರೂ ಈ ಕಥೆಯಲ್ಲಿದೆ. ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾ ದೇಶದ ಹವಾನಾದ ಸಂಶೋಧನಾ ಕೇಂದ್ರದ ಜೊತೆ ಸೇರಿ ಇಟೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಸಿದ್ಧಪಡಿಸಿತು. ಟಿ-ಕೋಶದ ಮೈಮೇಲಿನ ಸಿಡಿ-6 ಎಂಬ ಗುಂಡಿಯನ್ನು ಹಿಡಿದು, ಆ ಕೋಶ ಕೆರಳದಂತೆ ಮಾಡುವುದು ಅದರ ರೀತಿ. 2013ರಲ್ಲಿ ಭಾರತದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ಅದೇ ವರ್ಷ ಪೇಟೆಗೂ ಬಂತು. ಆಮೇಲೆ ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23ರ ಬಾಯಿ ಮುಚ್ಚಿಸುವ ಇಂಜೆಕ್ಷನ್‌ಗಳೂ ಬಂದಿವೆ. ಬಹಳ ಜನರಿಗೆ ಚರ್ಮ ಹೆಚ್ಚುಕಡಿಮೆ ಸ್ವಚ್ಛವೇ ಆಗುತ್ತದೆ. ಬೆಲೆ ಮಾತ್ರ ನಮ್ಮಂಥವರಿಗೆ ಭಾರ. ಕೊಡುವ ಮೊದಲು ಕ್ಷಯ ಇದೆಯೇ ಎಂದು ಪರೀಕ್ಷೆ ಮಾಡಲೇಬೇಕು. ಮೈಕಾವಲನ್ನು ತಗ್ಗಿಸುವ ಮದ್ದು ಕೊಟ್ಟರೆ ಒಳಗೆ ಅಡಗಿದ ಕ್ಷಯ ಎದ್ದೀತು.

ಬೆಳಕಿನ ಚಿಕಿತ್ಸೆಯೂ ಇದೆ. ಬಿಸಿಲಿನಲ್ಲಿರುವ ಒಂದು ಬಗೆಯ ಕಿರಣವನ್ನು ಯಂತ್ರದಿಂದ ಅಳತೆಯಾಗಿ ಮೈಗೆ ಬಿಡುತ್ತಾರೆ. ಬಸಿರಿನಲ್ಲೂ ಇದನ್ನು ಕೊಡಬಹುದು. ನಮ್ಮ ಬಾವಂಚಿ ಬೀಜದಲ್ಲಿರುವ ಸೋರಾಲಿನ್ ಎಂಬ ಅಂಶ ಕೊಟ್ಟು ಕಿರಣ ಬಿಡುವ ಪದ್ಧತಿ 1974ರಲ್ಲಿ ಬಂತು, ಅದು ಮಾತ್ರ ಬಸಿರಿಯರಿಗೆ ಬೇಡ. ಬಾವಂಚಿ ಅರೆದು ಹಚ್ಚಿಕೊಂಡು ಬಿಸಿಲಿಗೆ ಕೂತರೆ ಮೈ ಸುಟ್ಟು ಬೊಕ್ಕೆ ಏಳುತ್ತವೆ. ಮನೆಯಲ್ಲಿ ಈ ಪ್ರಯೋಗ ಬೇಡ.

ಮನೆಯಲ್ಲಿ ಇಷ್ಟು ಮಾಡಿರಿ

1. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ. ಕಲ್ಲಿನಿಂದ, ನಾರಿನಿಂದ ತಿಕ್ಕಿ ಪದರ ಕೀಳಬೇಡಿ. ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿರಿ.

2. ತಲೆಯಲ್ಲಿದ್ದರೆ ರಾತ್ರಿ ಎಣ್ಣೆ ಹಚ್ಚಿ ಪದರ ಮೆತ್ತಗಾಗಲು ಬಿಡಿ, ಬೆಳಿಗ್ಗೆ ಹಗುರಕ್ಕೆ ಬಾಚಿ ತೊಳೆಯಿರಿ. ಎಷ್ಟು ಮಾಡಿದರೂ ಹೋಗದ ದಪ್ಪ ಹೊಟ್ಟು ಬರೀ ಹೊಟ್ಟಲ್ಲ, ತೋರಿಸಿರಿ.

3. ಸಡಿಲ ಹತ್ತಿ ಬಟ್ಟೆ ಉಡಿರಿ. ಲಂಗದ ಲಾಡಿ ಅಗಲದ್ದಿರಲಿ, ಬಿಗಿದು ಕಟ್ಟಬೇಡಿ.

4. ಬದನೆಕಾಯಿ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ಇವುಗಳಿಂದ ಸೋರಿಯಾಸಿಸ್ ಬರುವುದಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯೆ, ಹಸಿ ಸೊಪ್ಪು, ಮಜ್ಜಿಗೆ ಎಂದಿನಂತೆ ಉಣ್ಣಿರಿ. ಕರಿದದ್ದು, ಸಿಹಿ ಕಡಿಮೆ ಮಾಡಿ ಮೈಭಾರ ಇಳಿಸಿರಿ. ಭಾರ ಇಳಿದರೆ ಬೇನೆಯೂ ಇಳಿಯುತ್ತದೆ.

5. ಬೆಳಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಕೂಡ್ರಿರಿ. ಮೈ ಸುಡುವ ತನಕ ಬೇಡ.

6. ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ ನೋಡಿಸಿರಿ. ಈ ಬೇನೆ ಹೆಚ್ಚಿದ್ದವರಿಗೆ ಹೃದಯದ ತೊಂದರೆಯೂ ಬರುವ ಸಂಭವ ಉಂಟು.

ತೋರಿಸುವುದೆಲ್ಲಿ ಎಂದರೆ, ಮೊದಲು ಹಾವೇರಿಯ ಜಿಲ್ಲಾ ಆಸ್ಪತ್ರೆ. ಶಿಗ್ಗಾಂವಿ, ಸವಣೂರಿನವರಿಗೆ ಹುಬ್ಬಳ್ಳಿ ಹತ್ತಿರ, ನಾವೆಲ್ಲ ಕಿಮ್ಸ್ ಅನ್ನುವ ಸರಕಾರಿ ಆಸ್ಪತ್ರೆ ಅಲ್ಲಿದೆ. ಹಿರೇಕೆರೂರಿನವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗಬಹುದು. ಚರ್ಮದ ಡಾಕ್ಟರು ಯಾವ ವಾರ ಸಿಗುತ್ತಾರೆ ಎಂದು ಕೇಳಿಕೊಂಡು ಹೊರಡಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 2014ರಲ್ಲಿ ಸೋರಿಯಾಸಿಸ್ ಕುರಿತು ಒಂದು ನಿರ್ಣಯ ಮಾಡಿ, ಇದು ಅಂಟುವ ರೋಗವಲ್ಲ, ಇದಾದವರನ್ನು ದೂರ ಇಡಬಾರದು ಎಂದು ಎಲ್ಲಾ ದೇಶಗಳಿಗೂ ತಿಳಿಸಿತು. ಪ್ರತಿ ವರ್ಷ ಅಕ್ಟೋಬರ್ 29ನ್ನು ಸೋರಿಯಾಸಿಸ್ ದಿನವೆಂದು ಆಚರಿಸುತ್ತಾರೆ. ಸಭೆ ಮಾಡಿದವರು ಹೇಳಬೇಕಾದ್ದು ಹೇಳಿದರು. ಉಳಿದದ್ದು ನಮ್ಮ ಅಡಿಗೆಮನೆಯಲ್ಲಿ, ಪಡಸಾಲೆಯಲ್ಲಿ ಆಗಬೇಕು. ಸೊಸೆಯ ತಾಟನ್ನು ಎಲ್ಲರ ತಾಟಿನ ಜೊತೆ ಇಡಲು ಯಾವ ಡಾಕ್ಟರೂ ಬರಬೇಕಾಗಿಲ್ಲ, ಅತ್ತೆಯ ಮನಸ್ಸು ಸಾಕು. ಅರಿಷಿಣ ಕುಂಕುಮಕ್ಕೆ ಇಂಥ ಹೆಣ್ಣುಮಗಳು ಬಂದರೆ ಕೈ ಹಿಂದೆ ಎಳೆಯದೆ, ಆಕೆಯ ಕೈ ಹಿಡಿದು ಉಡಿ ತುಂಬಿರಿ.

ಬರುವ ಸಂಚಿಕೆಯಲ್ಲಿ ಮಕ್ಕಳ ತುರಿ, ಹುಳುಕಡ್ಡಿಯ ವಿಷಯ ಬರೆಯುತ್ತೇನೆ. ಅವು ಮಾತ್ರ ಅಂಟುವಂಥವು. ಕೇಳುವುದಿದ್ದರೆ ಪತ್ರ ಹಾಕಿರಿ.

ನಿಮ್ಮ ಅಕ್ಕ